ಬೆಂಕಿಯ ಮರುದಿನದ ಲೆಕ್ಕ: ಸಣ್ಣ ಉದ್ದಿಮೆಗೆ ಸಾಲುವ ವಿಮೆ



ಸಣ್ಣ ಉದ್ದಿಮೆಗೆ ಸಾಲುವಷ್ಟು ವಿಮೆಯನ್ನು ಆರಿಸಿಕೊಳ್ಳುವುದು ಹೇಗೆ ಎಂಬುದು ಇಂದಿನ ಉಪನ್ಯಾಸದ ವಿಷಯ. ದತ್ತಿ ಉಪನ್ಯಾಸಗಳಲ್ಲಿ ಸಾಹಿತ್ಯಕ್ಕೆ, ಇತಿಹಾಸಕ್ಕೆ ಸಿಗುವ ಮಣೆ ಇಂಥ ವ್ಯವಹಾರದ ಸಂಗತಿಗಳಿಗೆ ಸಿಗುವುದು ಅಪರೂಪ. ಆದರೆ ದತ್ತಿ ಎಂಬುದೇ ಮುಂದೆ ಬರುವವರಿಗಾಗಿ ಇಂದು ತೆಗೆದಿಟ್ಟ ಗಂಟು. ವಿಮೆಯೂ ಅದೇ ಜಾತಿಯ ಏರ್ಪಾಡು. ವಿಮೆ ಎಂಬ ನಮ್ಮ ಮಾತು ಪಾರಸಿ ಕಡೆಯಿಂದ ಬಂದದ್ದು, ಅಲ್ಲಿ ‘ಬೀಮ್’ ಎಂದರೆ ಭಯ. ಭಯವನ್ನು ಲೆಕ್ಕಕ್ಕೆ ಇಳಿಸಿ, ಹಲವರ ನಡುವೆ ಹಂಚಿ, ಅದು ಒಬ್ಬನ ಮೇಲೇ ಬಿದ್ದು ಅವನನ್ನು ಮುರಿಯದಂತೆ ನೋಡಿಕೊಳ್ಳುವ ವಿದ್ಯೆ ಇದು. ನಮ್ಮ ನಾಡಿಗೆ ಇದು ಹೊಸದೂ ಅಲ್ಲ. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗಾಗಿ ಸರ್ಕಾರಿ ಜೀವವಿಮೆಯನ್ನು ಆರಂಭಿಸಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅಲ್ಲಿದೆ. ನೌಕರನ ಬದುಕಿನ ಬಗ್ಗೆ ಅಷ್ಟು ಹಿಂದೆಯೇ ಮೂಡಿದ ಆ ಎಚ್ಚರ ಅಂಗಡಿಯ ಮಾಲಿಗೆ, ಮಗ್ಗಕ್ಕೆ, ಲೇತ್ ಯಂತ್ರಕ್ಕೆ ಇನ್ನೂ ಸರಿಯಾಗಿ ದಕ್ಕಿಲ್ಲ ಎಂಬುದು ನನ್ನ ಕಳವಳ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಜೀವವಿಮೆ, ಆರೋಗ್ಯವಿಮೆ, ವಾಹನವಿಮೆಗಳ ಮಾತನ್ನು ಇಲ್ಲಿ ಎತ್ತುವುದಿಲ್ಲ. ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆ, ಮಗ್ಗದ ಮನೆ ಇಂಥ ಕಡೆ ಇರುವ ಸರಕು, ಯಂತ್ರ, ಕಟ್ಟಡ, ಮತ್ತು ಅವುಗಳಿಂದ ನಡೆಯುವ ದುಡಿಮೆ, ಇವೇ ನನ್ನ ಮುಖ್ಯ ವಿಷಯ. ಪಾಲಿಸಿ ಯಾರ ನಷ್ಟವನ್ನು ತುಂಬಿಕೊಡುತ್ತದೆ ಎಂದು ಮೊದಲು ನೋಡೋಣ. ಆಮೇಲೆ ಎಷ್ಟು ಮೊತ್ತಕ್ಕೆ ಎಂಬ ಪ್ರಶ್ನೆ. ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ. ಮೂರನೆಯದಾಗಿ, ಪಾಲಿಸಿಯ ಪದಗಳು ಯಾವ ನಷ್ಟವನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಯಾವುದನ್ನು ಹೊಸ್ತಿಲಾಚೆ ನಿಲ್ಲಿಸುತ್ತವೆ ಎಂಬುದು. ಕೊನೆಗೆ ಉದ್ದಿಮೆದಾರರು ನ್ಯಾಯವಾಗಿಯೇ ಎತ್ತುವ ಆಕ್ಷೇಪಗಳು. ಇವೆಲ್ಲದರ ಹಿಂದಿರುವ ವಾದ ಒಂದೇ. ನಮ್ಮಲ್ಲಿ ವಿಮೆಯನ್ನು ಸಾಲದ ಮೊತ್ತ ನೋಡಿ, ಇಲ್ಲವೆ ಪ್ರೀಮಿಯಂ ನೋಡಿ ಕೊಳ್ಳುತ್ತಾರೆ. ಕೊಳ್ಳಬೇಕಾದದ್ದು ಅವಘಡದ ಮರುದಿನ ಬಾಗಿಲು ಮತ್ತೆ ತೆರೆಯಲು ಏನೇನು ಬೇಕಾದೀತು ಎಂಬ ಲೆಕ್ಕ ಹಾಕಿ.

ಮೊದಲ ಪ್ರಶ್ನೆಗೆ ಬರುತ್ತೇನೆ. ಸಣ್ಣ ಉದ್ದಿಮೆದಾರನಿಗೂ ವಿಮೆಗೂ ಮೊದಲ ಭೇಟಿ ಆಗುವುದು ಸಾಮಾನ್ಯವಾಗಿ ಬ್ಯಾಂಕಿನ ಮೇಜಿನ ಬಳಿ. ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ ಮಂಜೂರಾಗಬೇಕಾದರೆ ಆಧಾರವಾಗಿ ಬರೆದುಕೊಟ್ಟ ಸರಕಿಗೆ ವಿಮೆ ಇರಬೇಕೆಂದು ಬ್ಯಾಂಕು ಕೇಳುತ್ತದೆ. ಸಾಲದ ಹತ್ತಾರು ಕಾಗದಗಳ ನಡುವೆ ಆ ಕಾಗದಕ್ಕೂ ಸಹಿ ಬೀಳುತ್ತದೆ, ಪ್ರೀಮಿಯಂ ಖಾತೆಯಿಂದ ಕಡಿತವಾಗುತ್ತದೆ, ಪಾಲಿಸಿ ಬಹಳ ಸಲ ಬ್ಯಾಂಕಿನ ಕಡತದಲ್ಲೇ ಉಳಿದುಬಿಡುತ್ತದೆ. ಬ್ಯಾಂಕಿನ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪಿಲ್ಲ. ತಾನು ಕೊಟ್ಟ ಹಣ ಬೆಂಕಿಗೆ ಹೋಗಬಾರದೆಂಬುದು ಅದರ ಕಾಳಜಿ. ಆದರೆ ಬ್ಯಾಂಕಿನ ಕಾಳಜಿ ಸಾಲದ ಮೊತ್ತದಲ್ಲಿ ಮುಗಿಯುತ್ತದೆ, ಮಾಲೀಕನ ಸಂಕಟ ಅಲ್ಲಿಂದ ಮುಂದೆ ಶುರುವಾಗುತ್ತದೆ. ಅಂಗಡಿಯಲ್ಲಿ ಸಾಲದ ದುಡ್ಡಿನ ಜೊತೆಗೆ ಅವನ ಸ್ವಂತ ಬಂಡವಾಳವಿದೆ, ವ್ಯಾಪಾರಿಗಳು ಉದ್ದರಿ ಕೊಟ್ಟ ಮಾಲಿದೆ, ಹೆಂಡತಿಯ ಒಡವೆ ಮಾರಿ ಮಾಡಿಸಿದ ಶೆಲ್ಫು ಗಾಜುಗಳಿವೆ. ಸಾಲದ ಮೊತ್ತಕ್ಕೆ ಅಳೆದು ಹೊಲಿಸಿದ ಪಾಲಿಸಿ ಇವು ಯಾವುದನ್ನೂ ಕಾಣುವುದಿಲ್ಲ.

ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯನ್ನು ಊಹಿಸಿಕೊಳ್ಳಿ. ಮದುವೆಯ ಕಾಲ, ಅಂಗಡಿಯಲ್ಲಿ 60 ಲಕ್ಷ ರೂಪಾಯಿಯ ಮಾಲಿದೆ. ಬ್ಯಾಂಕಿನ ಸಾಲ 25 ಲಕ್ಷ, ಪಾಲಿಸಿಯೂ 25 ಲಕ್ಷಕ್ಕೆ. ಒಂದು ರಾತ್ರಿ ಬೆಂಕಿ ಬಿದ್ದು 24 ಲಕ್ಷದ ಮಾಲು ಸುಟ್ಟುಹೋಯಿತು. ನಷ್ಟ ಪಾಲಿಸಿಯ ಮೊತ್ತದೊಳಗೇ ಇದೆ, ಪೂರ್ತಿ ಹಣ ಬರುತ್ತದೆ ಎಂದು ಮಾಲೀಕ ನಂಬಿರುತ್ತಾನೆ. ಬರುವುದು 10 ಲಕ್ಷ. 60 ಲಕ್ಷದ ಆಸ್ತಿಗೆ 25 ಲಕ್ಷದ ವಿಮೆ ಮಾಡಿಸಿದವನು ಉಳಿದ ಭಾಗಕ್ಕೆ ತಾನೇ ವಿಮೆಗಾರ ಎಂದು ಪಾಲಿಸಿ ತಿಳಿಯುತ್ತದೆ. ಆದ್ದರಿಂದ ನಷ್ಟದಲ್ಲೂ ಅದೇ ಪಾಲು. ಆ 10 ಲಕ್ಷವೂ ಬ್ಯಾಂಕ್ ಷರತ್ತಿನಂತೆ ಮೊದಲು ಸಾಲದ ಖಾತೆಗೆ ಸೇರುತ್ತದೆ. ಕೊನೆಗೆ ಉಳಿದದ್ದು 15 ಲಕ್ಷದ ಸಾಲ. ಮದುವೆಯ ಹಂಗಾಮು ಮುಗಿಯುವ ಮೊದಲು ಹೊಸ ಮಾಲು ತರಲು ಕೈಯಲ್ಲಿ ಕಾಸಿಲ್ಲ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಬ್ಯಾಂಕು ಕೇಳಿದ್ದನ್ನು ಪಾಲಿಸಿ ಮಾಡಿತು, ಮಾಲೀಕನಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ.

ಯಾರ ನಷ್ಟ ಎಂಬ ಪ್ರಶ್ನೆಗೆ ಇನ್ನೊಂದು ಮುಖವಿದೆ: ನಮ್ಮ ಸೂರಿನಡಿ ಇರುವ ಪರರ ಸೊತ್ತು. ಇದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರೈತರು ತಾವು ಬೆಳೆದ ಬ್ಯಾಡಗಿ ಮೆಣಸಿನಕಾಯಿ ಮತ್ತಿತರ ಫಸಲನ್ನು ಒಂದು ಶೀತಲಗೃಹದಲ್ಲಿಟ್ಟು, ಅದರ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ಪಡೆದಿದ್ದರು. 2014ರ ಜನವರಿಯಲ್ಲಿ ಶೀತಲಗೃಹಕ್ಕೆ ಬೆಂಕಿ ಬಿತ್ತು. ಪಾಲಿಸಿ ಇದ್ದದ್ದು ಶೀತಲಗೃಹದ ಹೆಸರಿನಲ್ಲಿ. ಬೆಂಕಿ ಆಕಸ್ಮಿಕವಲ್ಲ, ಅಲ್ಲದೆ ರೈತರಿಗೂ ನಮಗೂ ಒಪ್ಪಂದವೇ ಇಲ್ಲ ಎಂದು ವಿಮಾ ಕಂಪನಿ ವಾದಿಸಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ರೈತರ ಪರವಾಗಿ ತೀರ್ಪು ಕೊಟ್ಟಿತು, ಪಾಲಿಸಿಯ ಫಲಕ್ಕೆ ಅವರೂ ಬಾಧ್ಯರು ಎಂದಿತು. ನ್ಯಾಯ ಸಿಕ್ಕಿತು, ನಿಜ. ಆದರೆ ಸುಟ್ಟ ಮೆಣಸಿನಕಾಯಿಗೂ ತೀರ್ಪಿಗೂ ನಡುವೆ ಆರು ವರ್ಷ. ಬೆಂಗಳೂರಿನ ಪೀಣ್ಯದಲ್ಲಿ ಜಾಬ್ ವರ್ಕ್ ಮಾಡುವ ಘಟಕದಲ್ಲಿ ಗಿರಾಕಿಯ ಕಚ್ಚಾಸಾಮಗ್ರಿ, ಡೈ, ಅಚ್ಚುಗಳಿರುತ್ತವೆ. ದರ್ಜಿಯ ಬಳಿ ಗಿರಾಕಿಯ ಬಟ್ಟೆ, ರಿಪೇರಿ ಅಂಗಡಿಯಲ್ಲಿ ಊರವರ ಮೋಟರು ಇರುತ್ತದೆ. ಇವೆಲ್ಲ ‘ಪರರ ಪರವಾಗಿ ನಮ್ಮ ವಶದಲ್ಲಿರುವ ಸರಕು’ ಎಂದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆಸಿ, ಅದರ ಬೆಲೆಯನ್ನೂ ಮೊತ್ತದಲ್ಲಿ ಸೇರಿಸಿದ್ದರೆ ವಾದಕ್ಕೆ ಎಡೆಯೇ ಇರುವುದಿಲ್ಲ. ಬಾಡಿಗೆ ಮಳಿಗೆಯದ್ದೂ ಇದೇ ಕಥೆ. ಕಟ್ಟಡದ ಒಡೆಯ ತನ್ನ ಗೋಡೆಗೆ ವಿಮೆ ಮಾಡಿಸಿದ್ದಾನು, ಒಳಗಿನ ಮರದ ಕೆಲಸ, ದೀಪ, ಏಸಿ ಬಾಡಿಗೆದಾರನವು. ಅವು ಯಾರ ಪಾಲಿಸಿಯಲ್ಲಿವೆ ಎಂದು ಕೇಳಿದರೆ ಬಹುತೇಕ ಕಡೆ ಇಬ್ಬರೂ ಇನ್ನೊಬ್ಬರ ಮುಖ ನೋಡುತ್ತಾರೆ.

ಇನ್ನು ಮೊತ್ತದ ಪ್ರಶ್ನೆ. ಈಗಷ್ಟೇ ಹೇಳಿದ, ಕಡಿಮೆ ವಿಮೆ ಮಾಡಿಸಿದವನಿಗೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುವ ಕಟ್ಟಳೆಗೆ ವಿಮಾ ವೃತ್ತಿಯಲ್ಲಿ ಸರಾಸರಿ ನಿಯಮ ಎನ್ನುತ್ತಾರೆ. ಮೊದಲ ಬಾರಿಗೆ ಕೇಳಿದವರಿಗೆ ಇದು ಅನ್ಯಾಯವೆನಿಸುತ್ತದೆ. ಆದರೆ ಪಕ್ಕಪಕ್ಕದ ಎರಡು ಅಂಗಡಿಗಳಲ್ಲಿ ಸಮನಾದ ಮಾಲಿದ್ದು, ಒಬ್ಬ ಪೂರ್ತಿ ಬೆಲೆಗೆ, ಇನ್ನೊಬ್ಬ ಅರ್ಧ ಬೆಲೆಗೆ ಪ್ರೀಮಿಯಂ ಕಟ್ಟಿ, ಸಣ್ಣ ಬೆಂಕಿಗೆ ಇಬ್ಬರೂ ಸಮನಾದ ಪರಿಹಾರ ಪಡೆಯುವುದಾದರೆ ಪೂರ್ತಿ ಕಟ್ಟಿದವನಿಗೆ ಅನ್ಯಾಯ. ನಿಯಮದಲ್ಲಿ ನ್ಯಾಯವಿದೆ. ಕಷ್ಟವಿರುವುದು ನಮ್ಮ ಸಣ್ಣ ಉದ್ದಿಮೆಗಳಲ್ಲಿ ಆಸ್ತಿಯ ಬೆಲೆ ಕಟ್ಟುವ ರೀತಿಯಲ್ಲಿ.

ಅದರಲ್ಲಿ ಅತ್ಯಂತ ದೊಡ್ಡ ತಪ್ಪು, ನನ್ನ ಎಣಿಕೆಯಲ್ಲಿ, ಲೆಕ್ಕಪುಸ್ತಕದ ಬೆಲೆಯನ್ನೇ ವಿಮೆಯ ಬೆಲೆ ಎಂದುಕೊಳ್ಳುವುದು. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ವರ್ಷಕ್ಕೆ ಶೇಕಡ 15ರಂತೆ, ಉಳಿದ ಬೆಲೆಯ ಮೇಲೆ ಸವಕಳಿ ಕಳೆಯುತ್ತಾರೆ. 20 ಲಕ್ಷಕ್ಕೆ ಕೊಂಡ ಯಂತ್ರ ಹತ್ತು ವರ್ಷಗಳ ಕೊನೆಗೆ ಪುಸ್ತಕದಲ್ಲಿ 4 ಲಕ್ಷಕ್ಕೂ ತುಸು ಕೆಳಗೆ ಇಳಿದಿರುತ್ತದೆ. ತೆರಿಗೆ ಉಳಿಸಲು ಆ ಲೆಕ್ಕ ಸರಿ. ಆದರೆ ಯಂತ್ರ ಆ ಪುಸ್ತಕ ಓದಿಲ್ಲ. ಅದು ಈಗಲೂ ಮೊದಲಿನಷ್ಟೇ ಬಿಡಿಭಾಗಗಳನ್ನು ಕೊರೆದು ಕೊಡುತ್ತಿದೆ. ಅದೇ ಶಕ್ತಿಯ ಹೊಸ ಯಂತ್ರಕ್ಕೆ ಇಂದು 30 ಲಕ್ಷ ಎಂದು ಇಟ್ಟುಕೊಳ್ಳಿ. ಆಡಿಟರ್ ಕೊಟ್ಟ ಆಸ್ತಿಪಟ್ಟಿಯ 4 ಲಕ್ಷವನ್ನೇ ಪಾಲಿಸಿಯಲ್ಲಿ ಬರೆಸಿದ್ದರೆ, 6 ಲಕ್ಷದ ಹಾನಿಗೆ ಸಿಗುವುದು 80 ಸಾವಿರ. ಯಂತ್ರಕ್ಕೂ ಕಟ್ಟಡಕ್ಕೂ ಇಂದು ಹೊಸದಾಗಿ ಹಾಕಲು ತಗಲುವ ವೆಚ್ಚವನ್ನೇ ಹಿಡಿಯಬೇಕು. ಅದನ್ನು ಮರುಸ್ಥಾಪನಾ ಬೆಲೆ ಎನ್ನುತ್ತಾರೆ. ಕಟ್ಟಡದ ವಿಷಯದಲ್ಲಿ ಇನ್ನೊಂದು ತಪ್ಪು ಬೇರೆ ದಿಕ್ಕಿನಿಂದ ಬರುತ್ತದೆ, ವಿಶೇಷವಾಗಿ ಬೆಂಗಳೂರಿನಲ್ಲಿ. ನಿವೇಶನದ ಬೆಲೆಯನ್ನೂ ಸೇರಿಸಿ ಕೋಟಿಗಟ್ಟಲೆ ಮೊತ್ತಕ್ಕೆ ವಿಮೆ ಮಾಡಿಸಿ ವ್ಯರ್ಥ ಪ್ರೀಮಿಯಂ ಕಟ್ಟುವವರಿದ್ದಾರೆ. ನೆಲ ಸುಡುವುದಿಲ್ಲ, ಲೆಕ್ಕಕ್ಕೆ ಬರುವುದು ಕಟ್ಟುವ ಖರ್ಚು ಮಾತ್ರ.

ಸರಕಿನ ವಿಷಯದಲ್ಲಿ ಎರಡು ಸೂಕ್ಷ್ಮಗಳಿವೆ. ಸರಕಿಗೆ ವಿಮೆ ಸಿಗುವುದು ಅದನ್ನು ತಂದ ಅಥವಾ ತಯಾರಿಸಿದ ವೆಚ್ಚಕ್ಕೆ, ಮಾರುವ ಬೆಲೆಗಲ್ಲ. ಲಾಭ ಅದರಲ್ಲಿ ಸೇರುವುದಿಲ್ಲ. ಆದರೆ ತೆರಿಗೆಯನ್ನು ಮರೆಯಬಾರದು. ವ್ಯಾಪಾರಿ ಮಾಲು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದುಕೊಂಡಿರುತ್ತಾನೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಕಳೆದುಹೋದ, ಕಳವಾದ, ನಾಶವಾದ ಸರಕಿಗೆ ಆ ಜಮೆ ಸಲ್ಲದು, ತೆಗೆದುಕೊಂಡಿದ್ದನ್ನು ಹಿಂದಿರುಗಿಸಬೇಕು. ಶೇಕಡ 18ರ ತೆರಿಗೆಯ 10 ಲಕ್ಷದ ಮಾಲು ಸುಟ್ಟರೆ ಮಾಲಿನ ಜೊತೆಗೆ 1.8 ಲಕ್ಷದ ತೆರಿಗೆಯೂ ಕೈಬಿಟ್ಟುಹೋಗುತ್ತದೆ. ಬೆಂಕಿಯ ಹೊಗೆ ಆರುವ ಮುನ್ನ ಬರುವ ಈ ಎರಡನೆಯ ಏಟನ್ನು ಪಾಲಿಸಿ ಬರೆಸುವಾಗ ನೆನೆಯುವವರು ಬಹಳ ಕಡಿಮೆ. ಸರಕಿನ ಮೊತ್ತ ತೆರಿಗೆ ಸೇರಿಸಿಯೋ ಬಿಟ್ಟೋ ಎಂಬುದನ್ನು ಬರಹದಲ್ಲೇ ಖಚಿತಪಡಿಸಿಕೊಳ್ಳಬೇಕು. ಇನ್ನೊಂದು ಸೂಕ್ಷ್ಮ ಹಂಗಾಮಿನದು. ಪಟಾಕಿ, ಬಟ್ಟೆ, ಅಡಿಕೆ, ಶಾಲಾ ಪುಸ್ತಕ, ಎಲ್ಲಕ್ಕೂ ತುಂಬು ತಿಂಗಳು ಮತ್ತು ಬರಿ ತಿಂಗಳು ಇರುತ್ತವೆ. ವರ್ಷದ ಸರಾಸರಿಗೆ ವಿಮೆ ಮಾಡಿಸಿದವನು ಮಾಲು ತುಂಬಿದ ಕಾಲದಲ್ಲೇ, ಅಂದರೆ ನಷ್ಟ ದೊಡ್ಡದಾಗುವ ಕಾಲದಲ್ಲೇ, ಕಡಿಮೆ ವಿಮೆಯವನಾಗಿರುತ್ತಾನೆ. ಹಲವು ಗೋದಾಮುಗಳ ನಡುವೆ ಮಾಲು ಓಡಾಡಿಸುವವರಿಗೆ ಎಲ್ಲ ಜಾಗಗಳಿಗೂ ಒಂದೇ ಮೊತ್ತದ ಫ್ಲೋಟರ್ ವ್ಯವಸ್ಥೆಯಿದೆ, ಏರಿಳಿತ ಇರುವವರಿಗೆ ಸರಕಿನ ಬೆಲೆಯನ್ನು ಕಾಲಕಾಲಕ್ಕೆ ತಿಳಿಸುತ್ತ ಹೋಗುವ ಘೋಷಣಾ ವ್ಯವಸ್ಥೆಯಿದೆ. ಇವೆರಡೂ ಆಗದಿದ್ದರೆ ತುಂಬು ತಿಂಗಳ ಬೆಲೆಯನ್ನೇ ಹಿಡಿಯಬೇಕು.

ಈ ಕಷ್ಟವನ್ನು ಕೊಂಚ ಹಗುರ ಮಾಡುವ ಒಂದು ಸುಧಾರಣೆ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’, ‘ಭಾರತ ಲಘು ಉದ್ಯಮ ಸುರಕ್ಷಾ’ ಎಂಬ ಎರಡು ಏಕರೂಪದ ಪಾಲಿಸಿಗಳನ್ನು ಕೊಡತೊಡಗಿದವು. ಒಂದು ಸ್ಥಳದಲ್ಲಿರುವ ಆಸ್ತಿಗಳ ಒಟ್ಟು ಬೆಲೆ 5 ಕೋಟಿಯವರೆಗಿದ್ದರೆ ಮೊದಲನೆಯದು, ಅದನ್ನು ಮೀರಿ 50 ಕೋಟಿಯವರೆಗೆ ಎರಡನೆಯದು. ಉದ್ಯಮ್ ನೋಂದಣಿಯಲ್ಲಿ ನೀವು ಸೂಕ್ಷ್ಮವೋ ಸಣ್ಣದೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ; ಅಲ್ಲಿ ಹೂಡಿಕೆ ಮತ್ತು ವಹಿವಾಟಿನ ಅಳತೆ, ಇಲ್ಲಿ ಒಂದು ಜಾಗದಲ್ಲಿರುವ ಆಸ್ತಿಯ ಅಳತೆ. ಈ ಪಾಲಿಸಿಗಳಲ್ಲಿ ವಿಮಾ ಮೊತ್ತ ನಿಜ ಬೆಲೆಗಿಂತ ಶೇಕಡ 15ರಷ್ಟು ಕಡಿಮೆಯಿದ್ದರೂ ಸರಾಸರಿ ನಿಯಮವನ್ನು ಹೇರುವುದಿಲ್ಲ. ಬೆಲೆ ಕಟ್ಟುವಾಗ ಪ್ರಾಮಾಣಿಕವಾಗಿ ಆಗುವ ಹೆಚ್ಚುಕಡಿಮೆಗೆ ಇದು ಸಾಕಷ್ಟು ಜಾಗ ಕೊಡುತ್ತದೆ. ಆದರೆ 30 ಲಕ್ಷದ ಯಂತ್ರಕ್ಕೆ 4 ಲಕ್ಷ ಬರೆಸಿದವನನ್ನು ಇದು ಕಾಪಾಡಲಾರದು.

ಮೊತ್ತದಿಂದ ಈಗ ಪದಗಳ ಕಡೆಗೆ ತಿರುಗುತ್ತೇನೆ. ಹಳೆಯ ಬೆಂಕಿ ಪಾಲಿಸಿಯಲ್ಲಿ ಬಿರುಗಾಳಿ, ಪ್ರವಾಹದ ಗುಂಪನ್ನು ಬಿಟ್ಟುಕೊಟ್ಟರೆ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗುತ್ತಿತ್ತು. ಹೊಳೆ ದೂರವಿದೆ ಎಂದು ಬಿಟ್ಟುಕೊಟ್ಟವರಿದ್ದರು. 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉತ್ತರ ಕರ್ನಾಟಕದ ಪೇಟೆಗಳಿಗೆ ನುಗ್ಗಿದಾಗ, 2022ರ ಸೆಪ್ಟೆಂಬರಿನಲ್ಲಿ ದೊಡ್ಡ ಹೊಳೆ ಇಲ್ಲದ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತಾಗ, ದೂರ ಎಂಬ ಮಾತಿನ ಅರ್ಥ ಬದಲಾಯಿತು. ಹೊಸ ಏಕರೂಪದ ಪಾಲಿಸಿಗಳಲ್ಲಿ ಪ್ರವಾಹ, ಭೂಕಂಪ, ಭೂಕುಸಿತ, ಗಲಭೆ ಎಲ್ಲವೂ ಮೂಲದಲ್ಲೇ ಸೇರಿವೆ. ಇದು ಒಳ್ಳೆಯ ಬದಲಾವಣೆ.

ಆದರೂ ಬೆಂಕಿ ಪಾಲಿಸಿ ಎಲ್ಲವನ್ನೂ ಹೊರಲಾರದು. ವೋಲ್ಟೇಜ್ ಏರಿ ಮೋಟರು ಸುಡುವುದು ನಮ್ಮಲ್ಲಿ ದಿನನಿತ್ಯದ ಮಾತು. ಶಾರ್ಟ್ ಸರ್ಕ್ಯೂಟ್ ಆದ ಯಂತ್ರದಿಂದ ಬೆಂಕಿ ಹಬ್ಬಿ ಉಳಿದದ್ದು ಸುಟ್ಟರೆ ಉಳಿದದ್ದಕ್ಕೆ ಪರಿಹಾರವುಂಟು, ಮೊದಲು ಸುಟ್ಟ ಆ ಯಂತ್ರಕ್ಕೆ ಇಲ್ಲ. ಅದಕ್ಕೆ ಯಂತ್ರ ವೈಫಲ್ಯದ ಪಾಲಿಸಿ ಬೇರೆ ಬೇಕು. ಕಳವಿನ ವಿಷಯ ಇನ್ನೂ ನಾಜೂಕು. ಬೆಂಕಿ ಅಥವಾ ಪ್ರವಾಹದ ಬೆನ್ನಿಗೇ, ಏಳು ದಿನದೊಳಗೆ ಆದ ಕಳವಿಗೆ ಮಾತ್ರ ಈ ಪಾಲಿಸಿಗಳು ಹೊಣೆ. ಉಳಿದ ಕಾಲಕ್ಕೆ ಕನ್ನಗಳವಿನ ಪಾಲಿಸಿ ಬೇಕು, ಅಲ್ಲೂ ಒಂದು ಪದ ಕಾಯುತ್ತಿರುತ್ತದೆ. ಹರ್ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಪಾಲಿಸಿಯ ಪರಿಭಾಷೆಯಲ್ಲಿ ಬಲಪ್ರಯೋಗದ ಒಳನುಗ್ಗುವಿಕೆ ಎಂದಿದ್ದರೆ, ಬೀಗ ಒಡೆಯದೆ ಆದ ಸಾಮಾನ್ಯ ಕಳವಿಗೆ ಪರಿಹಾರವಿಲ್ಲ. ಲೋಕರೂಢಿಯಲ್ಲಿ ಎರಡೂ ಕಳ್ಳತನವೇ, ಪಾಲಿಸಿಯಲ್ಲಿ ಎರಡೂ ಬೇರೆ. ಗಲ್ಲಾದಲ್ಲಿ ಕೂತವನೇ ಹಣ ಎತ್ತಿಕೊಂಡು ಹೋದರೆ ಅದು ಮೂರನೆಯ ಬಗೆ. ಅದಕ್ಕೆ ನೌಕರರ ನಂಬಿಕೆಯ ಖಾತರಿ ಪಾಲಿಸಿ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದು ನಿಂತುಹೋದ ದುಡಿಮೆಯ ವಿಮೆ. ಗೋಡೆ ಎದ್ದು, ಯಂತ್ರ ಬಂದು, ವಿದ್ಯುತ್ ಸಂಪರ್ಕ ಮರಳಿ, ಗಿರಾಕಿ ಹಿಂದಿರುಗುವವರೆಗೆ ತಿಂಗಳುಗಳು ಹಿಡಿಯುತ್ತವೆ. ಆ ತಿಂಗಳುಗಳಲ್ಲೂ ಬಾಡಿಗೆ, ಬಡ್ಡಿ, ಕುಶಲ ಕೆಲಸಗಾರರ ಸಂಬಳ ನಿಲ್ಲುವುದಿಲ್ಲ. ಬೆಂಕಿಯಿಂದಾದ ಲಾಭದ ನಷ್ಟಕ್ಕಿರುವ ಪಾಲಿಸಿ ಈ ಹೊರೆಯನ್ನೂ ಕೈತಪ್ಪಿದ ಲಾಭವನ್ನೂ ತುಂಬುತ್ತದೆ. ಅದರಲ್ಲಿ ಆರಿಸಿಕೊಳ್ಳಬೇಕಾದ ಮುಖ್ಯ ಸಂಗತಿ ಅವಧಿ: ಮತ್ತೆ ಮೊದಲಿನಂತೆ ಆಗಲು ನಿಮ್ಮ ಕಸುಬಿಗೆ ಎಷ್ಟು ತಿಂಗಳು ಬೇಕು? ಬೇಕರಿಗೆ ಮೂರು ತಿಂಗಳು ಸಾಕಾದೀತು. ವಿದೇಶದಿಂದ ಯಂತ್ರ ತರಿಸುವ ಘಟಕಕ್ಕೆ ಒಂದು ವರ್ಷವೂ ಸಾಲದು. ಇಲ್ಲೂ ಒಂದು ಮಿತಿಯನ್ನು ಮರೆಯಬಾರದು. 2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳು ಮುಚ್ಚಿದಾಗ ಸಾಮಾನ್ಯವಾಗಿ ಈ ಪಾಲಿಸಿಗಳು ನೆರವಿಗೆ ಬರಲಿಲ್ಲ, ಏಕೆಂದರೆ ಆಸ್ತಿಗೆ ಭೌತಿಕ ಹಾನಿಯಾಗಿ, ಆ ಹಾನಿಯ ಕ್ಲೇಮ್ ಒಪ್ಪಿಗೆಯಾದರೆ ಮಾತ್ರ ಇವು ಕೆಲಸಕ್ಕೆ ಬರುವುದು. ಸೂಕ್ಷ್ಮ ಉದ್ಯಮದ ಪಾಲಿಸಿಯಲ್ಲಿ ಪುನರಾರಂಭದ ಖರ್ಚಿಗೆಂದು 1 ಲಕ್ಷದವರೆಗೆ ಸೇರಿಸಿದ್ದಾರೆ. ಅದು ಬಾಗಿಲಿಗೆ ಬಣ್ಣ ಬಳಿಯಲು ಸಾಕು, ಆರು ತಿಂಗಳ ಬಾಡಿಗೆಗಲ್ಲ.

ಕೆಲಸಗಾರರ ಹೊಣೆಯನ್ನು ಕುರಿತು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಕೆಲಸದ ವೇಳೆ ಆದ ಸಾವುನೋವಿಗೆ ಮಾಲೀಕ ಪರಿಹಾರ ಕೊಡಬೇಕೆಂಬುದು 1923ರ ಕಾಯ್ದೆಯಿಂದ ಇಂದಿನ ಸಾಮಾಜಿಕ ಭದ್ರತಾ ಸಂಹಿತೆಯವರೆಗೆ ಬದಲಾಗದ ತತ್ತ್ವ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬಂದವರಿಗೆ ಆ ಹೊಣೆಯನ್ನು ಇಎಸ್‌ಐ ಹೊರುತ್ತದೆ. ನಾಲ್ಕೈದು ಜನರಿರುವ ಘಟಕ, ಇಎಸ್‌ಐ ಸಂಬಳಮಿತಿ ದಾಟಿದ ಮೇಸ್ತ್ರಿ, ಗುತ್ತಿಗೆಯಲ್ಲಿ ಬಂದು ಛಾವಣಿ ಹತ್ತುವವನು, ಇವರು ಹೊರಗೆ ಉಳಿಯುತ್ತಾರೆ, ಇವರ ಹೊಣೆಗೆ ಬೇರೆ ಪಾಲಿಸಿ ಬೇಕು. ಒಂದು ಸಾವಿನ ಪರಿಹಾರ ಒಂದು ಸಣ್ಣ ಘಟಕದ ವರ್ಷದ ಲಾಭವನ್ನೇ ನುಂಗಬಲ್ಲದು. ಅದಕ್ಕಿಂತ ಮುಖ್ಯವಾಗಿ, ಆ ಮನೆಗೆ ಹಣ ತಲುಪಲೇಬೇಕು.

ಈಗ ಆಕ್ಷೇಪಗಳು. ಮೊದಲನೆಯದು, ಇಷ್ಟೆಲ್ಲ ಪಾಲಿಸಿ ಕೊಂಡರೆ ಉಳಿಯುವುದೇನು ಎಂಬುದು. ಲಾಭದ ಅಂಚು ತೆಳ್ಳಗಿರುವ ವ್ಯಾಪಾರದಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಎಲ್ಲವನ್ನೂ ಕೊಳ್ಳಿರಿ ಎಂದು ನಾನು ಹೇಳುತ್ತಿಲ್ಲ. ಎರಡು ಬಗೆಯ ನಷ್ಟಗಳನ್ನು ಬೇರೆ ಮಾಡಬೇಕು: ನೋಯಿಸುವ ನಷ್ಟ, ಮುಳುಗಿಸುವ ನಷ್ಟ. ಗಾಜು ಒಡೆಯುವುದು, ಒಂದು ಕಂಪ್ಯೂಟರ್ ಕೆಡುವುದು, ಒಂದು ದಿನದ ಗಲ್ಲಾ ಹೋಗುವುದು ನೋಯಿಸುತ್ತವೆ. ಅವನ್ನು ಕೈಯಿಂದಲೇ ಭರಿಸಬಹುದು. ಪೂರ್ತಿ ಗೋದಾಮು, ಮುಖ್ಯ ಯಂತ್ರ, ಆರು ತಿಂಗಳ ದುಡಿಮೆ, ಕೆಲಸಗಾರನ ಸಾವು ಮುಳುಗಿಸುತ್ತವೆ. ಪ್ರೀಮಿಯಂ ಹಣವೆಲ್ಲ ಮೊದಲು ಅಲ್ಲಿಗೆ ಹೋಗಬೇಕು. ಪ್ರತಿ ಕ್ಲೇಮಿನಲ್ಲಿ ತಾನೇ ಹೊರುವ ಪಾಲನ್ನು ಹೆಚ್ಚಿಸಿಕೊಂಡರೆ ಪ್ರೀಮಿಯಂ ಇಳಿಸಿಕೊಳ್ಳಬಹುದು. ಬೆಂಕಿ ವಿಮೆಯ ದರವನ್ನು ನೂರಕ್ಕೆ ಇಷ್ಟು ಎನ್ನುವುದಿಲ್ಲ, ಸಾವಿರಕ್ಕೆ ಇಷ್ಟು ಎನ್ನುವುದು ರೂಢಿ. ಆದ್ದರಿಂದ 25 ಲಕ್ಷದ ಮೊತ್ತವನ್ನು 60 ಲಕ್ಷಕ್ಕೆ ಏರಿಸುವುದು ಬಹುತೇಕ ಅಂಗಡಿಗಳಿಗೆ ಕೈಗೆಟುಕುವ ಮಾತು. ನಮ್ಮಲ್ಲಿ ನಡೆಯುತ್ತಿರುವುದು ಇದರ ತಿರುಗುಮುರುಗು: ಗಾಜಿಗೂ ನಾಮಫಲಕಕ್ಕೂ ವಿಮೆ ಇರುವ ಪ್ಯಾಕೇಜು, ಸರಕಿನ ಮೊತ್ತ ಮಾತ್ರ ಅರ್ಧ.

ಎರಡನೆಯ ಆಕ್ಷೇಪ ಹೆಚ್ಚು ಆಳದ್ದು. ಕಟ್ಟಿಸಿಕೊಳ್ಳುವಾಗ ನಗುತ್ತಾರೆ, ಕೊಡುವಾಗ ಕೊಕ್ಕೆ ಹಾಕುತ್ತಾರೆ ಎಂಬ ಮಾತು ಪ್ರತಿ ಪೇಟೆಯಲ್ಲೂ ಕೇಳಿಬರುತ್ತದೆ. ಇದಕ್ಕೆ ಆಧಾರವಿಲ್ಲ ಎನ್ನಲಾರೆ. ಟೆಕ್ಸ್‌ಕೋ ಮಾರ್ಕೆಟಿಂಗ್ ಪ್ರಕರಣದಲ್ಲಿ ನೆಲಮಾಳಿಗೆಯ ಅಂಗಡಿಗೆ 2012ರಲ್ಲಿ ಬೆಂಕಿ ಪಾಲಿಸಿ ಕೊಟ್ಟಿದ್ದರು. ನೆಲಮಾಳಿಗೆಯ ನಷ್ಟಕ್ಕೆ ಹೊಣೆಯಿಲ್ಲ ಎಂಬ ಷರತ್ತು ಅದೇ ಪಾಲಿಸಿಯಲ್ಲಿತ್ತು. ಬೆಂಕಿ ಬಿದ್ದಾಗ ಆ ಷರತ್ತನ್ನು ಮುಂದಿಟ್ಟರು. ಒಪ್ಪಂದದ ಉದ್ದೇಶವನ್ನೇ ಅಳಿಸುವ ಇಂಥ ಷರತ್ತು ಸಲ್ಲದು ಎಂದು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸುತ್ತ ನೆಲಮಾಳಿಗೆಯಲ್ಲಿ ಮಾಲಿಟ್ಟವರು ಈ ತೀರ್ಪನ್ನು ತಿಳಿದಿರಬೇಕು. ಆದರೆ ತೀರ್ಪಿನ ಬಲಕ್ಕಿಂತ ಬರೆಸುವ ದಿನದ ಎಚ್ಚರ ಅಗ್ಗ. ನಾನು ನೋಡಿದ ತೀರ್ಪುಗಳಲ್ಲಿ ಹಲವು ಜಗಳಗಳ ಬೀಜ ಪ್ರಸ್ತಾವನಾ ಅರ್ಜಿಯಲ್ಲೇ ಇರುತ್ತದೆ. ಏಜೆಂಟ್ ತುಂಬಿದ ಅರ್ಜಿಯಲ್ಲಿ ವಿಳಾಸ ಹಳೆಯದು, ಮೇಲಂತಸ್ತಿನ ಗೋದಾಮು ಇಲ್ಲವೇ ಇಲ್ಲ, ಬಟ್ಟೆ ಅಂಗಡಿಯಲ್ಲಿ ಈಗ ಫೋಮ್ ಹಾಸಿಗೆಯೂ ಇದೆ ಎಂಬುದು ನಮೂದಾಗಿಲ್ಲ. ಅರ್ಜಿಯನ್ನು ಓದಿ ಸಹಿ ಹಾಕುವುದು, ಮಾಲಿನ ಬಗೆ ಅಥವಾ ಜಾಗ ಬದಲಾದ ದಿನವೇ ಬರಹದಲ್ಲಿ ತಿಳಿಸುವುದು, ಪ್ರೀಮಿಯಂ ನಿಜಕ್ಕೂ ಸಂದಾಯವಾಯಿತೇ ಎಂದು ನೋಡುವುದು, ಇವು ಮಾಲೀಕನ ಕೆಲಸ. 1938ರ ವಿಮಾ ಕಾಯ್ದೆಯ ಪ್ರಕಾರ ಪ್ರೀಮಿಯಂ ಮುಂಗಡವಾಗಿ ಸಲ್ಲದೆ ಹೊಣೆ ಹುಟ್ಟುವುದಿಲ್ಲ. ಸ್ಟಾಕ್ ಪುಸ್ತಕ, ಖರೀದಿ ಬಿಲ್ಲು, ಯಂತ್ರಗಳ ಚಿತ್ರಗಳ ಪ್ರತಿ ಅಂಗಡಿಯ ಹೊರಗೆ ಇನ್ನೆಲ್ಲಾದರೂ ಇರಬೇಕು. ಲೆಕ್ಕವೂ ಮಾಲಿನ ಜೊತೆ ಸುಟ್ಟುಹೋದರೆ ನಷ್ಟ ಅಳೆಯಲು ಬರುವ ಸರ್ವೇಯರ್ ಮುಂದೆ ಇಡಲು ಬಾಯಿಮಾತೊಂದೇ ಉಳಿಯುತ್ತದೆ. ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟೂ ಜಿಎಸ್‌ಟಿ ವಿವರವೂ ಒಂದಕ್ಕೊಂದು ಹೊಂದುವಂತಿರಬೇಕು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತೋರಿಸಿದವನ ಕ್ಲೇಮ್ ಎರಡರಲ್ಲಿ ಕಡಿಮೆಯ ಕಡೆಗೇ ಜಾರುತ್ತದೆ. ಇಷ್ಟೆಲ್ಲ ಆದ ಮೇಲೂ ಅನ್ಯಾಯವಾದರೆ ವಿಮಾ ಲೋಕಪಾಲರ ಕಚೇರಿ ಬೆಂಗಳೂರಿನಲ್ಲೇ ಇದೆ. ಒಬ್ಬರೇ ಮಾಲೀಕರಾಗಿರುವ ಉದ್ದಿಮೆಗಳೂ ಸೂಕ್ಷ್ಮ ಉದ್ಯಮಗಳೂ 50 ಲಕ್ಷದವರೆಗಿನ ತಕರಾರನ್ನು ವಕೀಲರಿಲ್ಲದೆ, ಶುಲ್ಕವಿಲ್ಲದೆ ಅಲ್ಲಿ ಇಡಬಹುದು.

ಮೂರನೆಯದು, ದುರಂತವಾದರೆ ಸರ್ಕಾರ ನೋಡಿಕೊಳ್ಳುತ್ತದೆ ಎಂಬ ನಿರೀಕ್ಷೆ. ವಿಪತ್ತು ನಿಧಿಯ ನೆರವು ಬದುಕು ಹಿಡಿದು ನಿಲ್ಲಿಸಲು ಕೊಡುವ ಕೈಯಾಸರೆ. ಮಗ್ಗದ ಉಪಕರಣಕ್ಕೆ ಅದರಲ್ಲಿ ಗೊತ್ತುಮಾಡಿರುವುದು ಕೆಲವು ಸಾವಿರ ರೂಪಾಯಿ. ಅದೂ ಊರಿಗೇ ಬಂದ ವಿಪತ್ತಿಗೆ. ಒಂದೇ ಅಂಗಡಿಗೆ ಬಿದ್ದ ಬೆಂಕಿಗೆ ಯಾವ ನಿಧಿಯೂ ಸುಲಭವಾಗಿ ತೆರೆಯುವುದಿಲ್ಲ.

ಕೊನೆಯದಾಗಿ ಒಂದು ಸಲಹೆಯನ್ನು ಈ ಸಭೆಯ ಮುಂದೆ ಇಡುತ್ತೇನೆ. ಇಷ್ಟು ಲೆಕ್ಕವನ್ನು ಒಬ್ಬ ಲೇತ್ ಮಾಲೀಕ ಒಬ್ಬನೇ ಕೂತು ಮಾಡಬೇಕೆಂದು ನಿರೀಕ್ಷಿಸುವುದು ಕಷ್ಟ. ನಮ್ಮಲ್ಲಿ ಸಂಘಗಳಿವೆ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯಾಗಿ ಹುಟ್ಟಿದ ಇಂದಿನ ಎಫ್‌ಕೆಸಿಸಿಐ ಇದೆ, 1949ರಿಂದ ಸಣ್ಣ ಕೈಗಾರಿಕೆಗಳ ಕಾಸಿಯಾ ಇದೆ, ಪ್ರತಿ ಕೈಗಾರಿಕಾ ವಸಾಹತಿನಲ್ಲಿ ಸ್ಥಳೀಯ ಸಂಘವಿದೆ. ವರ್ಷಕ್ಕೊಂದು ವಾರ, ನವೀಕರಣಕ್ಕೆ ಮುಂಚೆ, ಸಂಘದ ಕಚೇರಿಯಲ್ಲಿ ಒಬ್ಬ ಯಂತ್ರ ಮೌಲ್ಯಮಾಪಕ, ಒಬ್ಬ ಲೆಕ್ಕಪರಿಶೋಧಕ, ಪರವಾನಗಿ ಪಡೆದ ಒಬ್ಬ ನಿವೃತ್ತ ಸರ್ವೇಯರ್ ಕೂತರೆ ಸಾಕು. ಸದಸ್ಯರು ತಮ್ಮ ಪಾಲಿಸಿ, ಆಸ್ತಿಪಟ್ಟಿ, ಹಿಂದಿನ ವರ್ಷದ ತುಂಬು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಹಿಡಿದು ಬರಲಿ. ಯಂತ್ರಕ್ಕೆ ಇಂದಿನ ಬೆಲೆ, ಸರಕಿಗೆ ತೆರಿಗೆ ಸೇರಿದ ಬೆಲೆ, ಪರರ ಸೊತ್ತಿನ ಪಟ್ಟಿ, ಮತ್ತೆ ಬಾಗಿಲು ತೆರೆಯಲು ಬೇಕಾಗುವ ತಿಂಗಳುಗಳ ಎಣಿಕೆ, ಇವನ್ನು ಒಂದು ಹಾಳೆಯ ಮೇಲೆ ಬರೆದು ಹೋಗಲಿ. ಆ ಹಾಳೆ ಕೈಯಲ್ಲಿದ್ದವನು ಬ್ಯಾಂಕಿನ ಮೇಜಿನ ಮುಂದೆ ಕೂತಾಗ ಮಾತು ಬೇರೆ ರೀತಿಯಲ್ಲಿ ಶುರುವಾಗುತ್ತದೆ. ಈ ಸಂಸ್ಥೆಯ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಮೊದಲ ಹಾಳೆಯ ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡುವುದಾದರೆ, ಅದನ್ನು ತಿದ್ದಿಕೊಡಲು ನಾನು ಸಿದ್ಧ.